ಗೇಮಿಂಗ್ ಪಿಸಿಗೆ ಬಿಡಿಭಾಗ ಕೊಳ್ಳುವಾಗ ಮಾಡೆಲ್ ನಂಬರಿನ ಕೊನೆಯ ಅಕ್ಷರದವರೆಗೂ ಓದಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ನಿಂತು "ಒಂದು ಬಿ760 ಬೋರ್ಡು, ಜೊತೆಗೆ 32 ಜಿಬಿ ರ‍್ಯಾಮ್" ಎಂದರೆ ಎರಡೂ ಕೈಗೆ ಬರುತ್ತವೆ. ಮನೆಗೆ ಬಂದು ಡಬ್ಬ ಬಿಚ್ಚಿದಾಗ ಮದರ್‌ಬೋರ್ಡಿನ ಹೆಸರಿನ ತುದಿಯಲ್ಲಿ ಡಿ4, ಅಂದರೆ ಡಿಡಿಆರ್4, ಎಂದಿರುತ್ತದೆ, ರ‍್ಯಾಮ್ ಡಿಡಿಆರ್5 ಆಗಿರುತ್ತದೆ. ಎರಡಕ್ಕೂ 288 ಪಿನ್ನೇ. ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒತ್ತಿದರೆ ಸ್ಲಾಟ್ ಮುರಿದೀತೇ ಹೊರತು ಸ್ಟಿಕ್ ಕೂರುವುದಿಲ್ಲ. ಅಸೆಂಬಲ್ ಮಾಡುವವರು ತಿನ್ನುವ ಪೆಟ್ಟುಗಳಲ್ಲಿ ಬಹುಪಾಲು ಹೀಗೇ ಹುಟ್ಟುತ್ತವೆ, ಪಟ್ಟಿಯಲ್ಲಿ ಅರ್ಧ ಹೆಸರು ಬರೆದುಕೊಂಡು ಹೋಗುವುದರಿಂದ. ಪ್ರೊಸೆಸರ್ 7500 ಅಲ್ಲ, 7500ಎಫ್. ಗ್ರಾಫಿಕ್ಸ್ ಕಾರ್ಡ್ 5060 ಟಿಐ ಅಲ್ಲ, 5060 ಟಿಐ 16 ಜಿಬಿ. "ಸೇಮ್ ಸರ್, ಇದೂ ಅದೇ" ಎಂಬ ಕೌಂಟರಿನ ಮಾತು ಪೂರ್ತಿ ಸುಳ್ಳಲ್ಲ. ಅರ್ಧ ನಿಜ. ಉಳಿದರ್ಧ ನಿಮ್ಮ ತಲೆನೋವು.

ಮಾನಿಟರಿನಿಂದ ಶುರು ಮಾಡಿ

ಪ್ರೊಸೆಸರಿನಿಂದ ಪಟ್ಟಿ ಶುರು ಮಾಡುವ ಅಭ್ಯಾಸ ಬಿಡಿ. ಮಾನಿಟರ್ ಯಾವುದು ಎಂದು ಗೊತ್ತಾದರೆ ಗ್ರಾಫಿಕ್ಸ್ ಕಾರ್ಡ್ ಗೊತ್ತಾಗುತ್ತದೆ, ಕಾರ್ಡ್ ಗೊತ್ತಾದರೆ ಎಸ್‌ಎಂಪಿಎಸ್ (ಪವರ್ ಸಪ್ಲೈ) ಮತ್ತು ಕ್ಯಾಬಿನೆಟ್ ತಾವಾಗಿಯೇ ತೀರ್ಮಾನವಾಗುತ್ತವೆ. 1080ಪಿ ಮಾನಿಟರ್ ಇಟ್ಟುಕೊಂಡು ಆರ್‌ಟಿಎಕ್ಸ್ 5080 ಹಾಕಿದರೆ ಬಹಳಷ್ಟು ಆಟಗಳಲ್ಲಿ ಕಾರ್ಡ್ ಕೈಕಟ್ಟಿ ಕೂರುತ್ತದೆ, ಪ್ರೊಸೆಸರ್ ಏದುಸಿರು ಬಿಡುತ್ತದೆ. 1440ಪಿ, 165 ಹರ್ಟ್ಸ್ ಮಾನಿಟರಿಗೆ ಆರ್‌ಟಿಎಕ್ಸ್ 5070 ಟಿಐ ಅಥವಾ ಆರ್‌ಎಕ್ಸ್ 9070 ಎಕ್ಸ್‌ಟಿ ಸರಿಯಾದ ಜೋಡಿ. ಎರಡರಲ್ಲೂ 16 ಜಿಬಿ ಮೆಮೊರಿ ಇದೆ. 5070ಯಲ್ಲಿ 12 ಜಿಬಿ. 8 ಜಿಬಿ ಕಾರ್ಡುಗಳಲ್ಲಿ ಹೊಸ ಆಟಗಳನ್ನು ಟೆಕ್ಸ್‌ಚರ್ ಹೆಚ್ಚಿಟ್ಟು ಆಡಿದರೆ ಮೆಮೊರಿ ತುಂಬಿ, ಸರಾಸರಿ ಫ್ರೇಮ್ ಚೆನ್ನಾಗಿ ಕಂಡರೂ ನಡುನಡುವೆ ತಡವರಿಸುತ್ತದೆ. 5060 ಟಿಐ 8 ಜಿಬಿಯಲ್ಲೂ 16 ಜಿಬಿಯಲ್ಲೂ ಬರುತ್ತದೆ, ಡಬ್ಬದ ಬಣ್ಣ ಒಂದೇ. ಮೂಲೆಯಲ್ಲಿರುವ ಸಣ್ಣ ಅಂಕಿ ನೋಡಿಯೇ ದುಡ್ಡು ಕೊಡಿ.

ಇನ್ನೊಂದು ಸೂಕ್ಷ್ಮ. 5060 ಮತ್ತು 5060 ಟಿಐ ಕಾರ್ಡುಗಳಲ್ಲಿ ಸ್ಲಾಟಿಗೆ ಕೂರುವ ಅಂಚು ಉದ್ದವಾಗಿ ಕಂಡರೂ ಒಳಗೆ ಓಡುವುದು 8 ಲೇನ್ (ದತ್ತಾಂಶ ಸಾಗುವ ದಾರಿ) ಮಾತ್ರ. ಹೊಸ ಬೋರ್ಡಿನಲ್ಲಿ ತೊಂದರೆಯಿಲ್ಲ. ಹಳೆಯ ಬಿ450 ಬೋರ್ಡ್ ಉಳಿಸಿಕೊಂಡು ಕಾರ್ಡ್ ಮಾತ್ರ ಬದಲಿಸುವವರಿಗೆ ಅದು ಹಳೆಯ, ನಿಧಾನದ ಪಿಸಿಐಇ 3.0 ಸಂಪರ್ಕದ 8 ಲೇನ್ ಆಗಿಬಿಡುತ್ತದೆ. ಅದರಲ್ಲೂ 8 ಜಿಬಿ ಮಾಡೆಲ್‌ನಲ್ಲಿ ಮೆಮೊರಿ ತುಂಬಿದಾಗ ಏಟು ಎದ್ದು ಕಾಣುತ್ತದೆ.

ಪ್ರೊಸೆಸರ್, ಬೋರ್ಡ್, ರ‍್ಯಾಮ್: ಮೂರನ್ನೂ ಒಟ್ಟಿಗೇ ನೋಡಿ

ಎಎಂಡಿಯ ಎಎಂ5 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) 2022ರಲ್ಲಿ ಬಂತು. ರೈಜೆನ್ 7000, 8000, 9000 ಸರಣಿಗಳು ಇದರಲ್ಲಿ ಕೂರುತ್ತವೆ, ರ‍್ಯಾಮ್ ಡಿಡಿಆರ್5 ಮಾತ್ರ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13, 14ನೇ ತಲೆಮಾರಿಗೆ. ಇಲ್ಲಿ ಬೋರ್ಡ್ ಯಾವುದು ಎಂಬುದರ ಮೇಲೆ ಡಿಡಿಆರ್4 ಅಥವಾ ಡಿಡಿಆರ್5. 2024ರ ಕೊನೆಯಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851 ಸಾಕೆಟ್ ಬೇಕು, ಅದೂ ಡಿಡಿಆರ್5 ಮಾತ್ರ. ಹೊಸದಾಗಿ ಕಟ್ಟುವವರಿಗೆ ಆಟವೇ ಮುಖ್ಯವಾದರೆ ಎಎಂ5 ಒಳ್ಳೆಯದು: 2027ರವರೆಗೂ, ಅದರಾಚೆಗೂ ಈ ಸಾಕೆಟ್‌ಗೆ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ, ಜೊತೆಗೆ ಎಕ್ಸ್3ಡಿ ಪ್ರೊಸೆಸರುಗಳು ಇಲ್ಲಿವೆ. 7800ಎಕ್ಸ್3ಡಿಯಲ್ಲಿ 96 ಎಂಬಿ ಎಲ್3 ಕ್ಯಾಶ್, ಅಂದರೆ ಚಿಪ್ಪಿನೊಳಗಿನ ವೇಗದ ಮೆಮೊರಿ, ಇದೆ. ಆಟದ ದತ್ತಾಂಶ ರ‍್ಯಾಮ್‌ವರೆಗೆ ಹೋಗಿಬರುವ ಓಡಾಟವನ್ನು ಅದು ತಗ್ಗಿಸುವುದರಿಂದಲೇ ಎಂಟು ಕೋರಿನ ಈ ಚಿಪ್ಪು ಆಟಗಳಲ್ಲಿ ಹದಿನಾರು ಕೋರಿನ ಹಲವನ್ನೂ ಹಿಂದೆ ಹಾಕುತ್ತದೆ. (ಎಎಂಡಿಯ ಅತಿ ದೊಡ್ಡ ವಿನ್ಯಾಸ ಕೇಂದ್ರ 2023ರಲ್ಲಿ ಶುರುವಾಗಿದ್ದು ಇದೇ ಬೆಂಗಳೂರಲ್ಲಿ. ಊರಿನವರೆಂದು ಬೆಲೆಯಲ್ಲಿ ರಿಯಾಯಿತಿಯೇನೂ ಇಲ್ಲ.)

ಇನ್ನು ತುದಿಯ ಅಕ್ಷರಗಳು. ಇಂಟೆಲ್‌ನಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ರೈಜೆನ್ 5 7500ಎಫ್ ಕೂಡ ಹಾಗೆಯೇ. ಆಟಕ್ಕೆ ಇದರಿಂದ ನಷ್ಟವಿಲ್ಲ, ಆದರೆ ಕಾರ್ಡ್ ಕೆಟ್ಟ ದಿನ ಪರದೆಯ ಮೇಲೆ ಏನೂ ಬರುವುದಿಲ್ಲ. ರೈಜೆನ್ 5 8400ಎಫ್ ಅಗ್ಗಕ್ಕೆ ಸಿಗುತ್ತದೆ, 7500ಎಫ್‌ಗಿಂತ ನಂಬರೂ ದೊಡ್ಡದು. ಆದರೆ ಅದು ಲ್ಯಾಪ್‌ಟಾಪ್ ಚಿಪ್ಪಿನ ವಂಶ: ಎಲ್3 ಕ್ಯಾಶ್ 32ರ ಬದಲು 16 ಎಂಬಿ, ಗ್ರಾಫಿಕ್ಸ್ ಕಾರ್ಡಿಗೆ ಕೊಡುವುದು 8 ಲೇನ್. ದೊಡ್ಡ ಕಾರ್ಡ್ ಹಾಕುವವರು 7500ಎಫ್ ತೆಗೆದುಕೊಳ್ಳಿ.

ಬೋರ್ಡ್ ಸಾಕೆಟ್‌ಗೆ ಹೊಂದಿದರೆ ಸಾಲದು, ಅದರೊಳಗಿನ, ಪಿಸಿಯನ್ನು ಎಬ್ಬಿಸುವ ಸಾಫ್ಟ್‌ವೇರ್ ಆದ ಬಯಾಸ್‌ಗೂ ಪ್ರೊಸೆಸರ್ ಪರಿಚಯ ಇರಬೇಕು. ಬಿ650 ಬೋರ್ಡುಗಳು ಬಂದದ್ದು 2022ರಲ್ಲಿ, ರೈಜೆನ್ 9000 ಬಂದದ್ದು 2024ರಲ್ಲಿ. ಅಂಗಡಿಯ ಅಟ್ಟದ ಮೇಲೆ ಎರಡು ವರ್ಷ ಕೂತಿದ್ದ ಬೋರ್ಡಿಗೆ 9800ಎಕ್ಸ್3ಡಿ ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಡಬ್ಬದ ಮೇಲೆ 9000 ಸರಣಿಗೆ ಸಿದ್ಧ ಎಂಬ ಸ್ಟಿಕ್ಕರ್ ಇದೆಯೇ ನೋಡಿ. ಇಲ್ಲವಾದರೆ ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್ ಬಟನ್ ಇರುವ ಬೋರ್ಡನ್ನೇ ಕೊಳ್ಳಿ. ಆಗ ಪ್ರೊಸೆಸರ್ ಇಲ್ಲದೆಯೇ ಅಪ್‌ಡೇಟ್ ಮಾಡಬಹುದು: ಪೆನ್‌ಡ್ರೈವನ್ನು ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ, ಬಯಾಸ್ ಫೈಲಿಗೆ ಮ್ಯಾನುಯಲ್‌ನಲ್ಲಿ ಹೇಳಿರುವ ಹೆಸರನ್ನೇ ಇಟ್ಟು, ಗುರುತು ಮಾಡಿರುವ ಯುಎಸ್‌ಬಿ ಪೋರ್ಟಿಗೆ ಚುಚ್ಚಿ, 24 ಪಿನ್ ಮತ್ತು 8 ಪಿನ್ ಪವರ್ ಕೊಟ್ಟು ಬಟನ್ ಒತ್ತಿ. ದೀಪ ಮಿನುಗುವುದು ನಿಲ್ಲುವವರೆಗೆ ಮುಟ್ಟಬೇಡಿ. ಮಳೆ ಬಂದು ಕರೆಂಟ್ ಆಟವಾಡುತ್ತಿರುವ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ.

7000 ಸರಣಿಯ ಎಕ್ಸ್3ಡಿ ಕೊಳ್ಳುವವರಿಗೂ ಹಳೆಯ ಬಯಾಸ್ ಅಪಾಯಕಾರಿ. 2023ರಲ್ಲಿ ಕೆಲವು ಚಿಪ್ಪುಗಳು ಸುಟ್ಟ ಮೇಲೆ ಎಸ್‌ಒಸಿ ವೋಲ್ಟೇಜನ್ನು (ಚಿಪ್ಪಿನಲ್ಲಿ ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ ಹೋಗುವುದು) 1.3 ವೋಲ್ಟಿಗೆ ಕಟ್ಟಿಹಾಕುವ ಅಪ್‌ಡೇಟ್ ಬಂತು. ಅದಕ್ಕೂ ಹಿಂದಿನ ಬಯಾಸ್ ಇರುವ ಬೋರ್ಡಿನಲ್ಲಿ ರ‍್ಯಾಮ್ ವೇಗ ಏರಿಸುವ ಮೊದಲು ಅಪ್‌ಡೇಟ್ ಮಾಡಲೇಬೇಕು.

ಇಂಟೆಲ್ ಬದಿಯಲ್ಲಿ ಹಣ ಪೋಲಾಗುವುದು ಹೀಗೆ: ಕೆ ಅಕ್ಷರದ ಪ್ರೊಸೆಸರ್ ಕೊಂಡು ಬಿ760ಯಲ್ಲಿ ಹಾಕುವುದು. ಕೆಲಸ ಮಾಡುತ್ತದೆ, ಆದರೆ ಓವರ್‌ಕ್ಲಾಕ್ (ನಿಗದಿತ ವೇಗ ಮೀರಿ ಓಡಿಸುವುದು) ಆಗುವುದಿಲ್ಲ, ಅದಕ್ಕೆ ಜಡ್790ನಂಥ ಜಡ್ ಸಾಲಿನ ಬೋರ್ಡ್ ಬೇಕು. ಎಚ್610 ಬೋರ್ಡಿನಲ್ಲಂತೂ ರ‍್ಯಾಮ್ ವೇಗವನ್ನೂ ಏರಿಸಲು ಬಿಡುವುದಿಲ್ಲ. ವೇಗದ ರ‍್ಯಾಮಿಗೆ ಕೊಟ್ಟ ದುಡ್ಡು ನೀರಲ್ಲಿ ಹೋಮ.

ರ‍್ಯಾಮ್ ವಿಚಾರದಲ್ಲಿ ಎಎಂ5ಗೆ ಉತ್ತರ ಹೆಚ್ಚುಕಮ್ಮಿ ಒಂದೇ: 16 ಜಿಬಿಯ ಎರಡು ಸ್ಟಿಕ್, 6000 ವೇಗ, ಸಿಎಲ್30 (ಸ್ಪಂದಿಸುವ ತಡ, ಕಡಿಮೆಯಿದ್ದಷ್ಟೂ ಒಳ್ಳೆಯದು), ಎಕ್ಸ್‌ಪೋ ಪ್ರೊಫೈಲ್ (ಎಎಂಡಿ ಬೋರ್ಡಿನಲ್ಲಿ ಆ ವೇಗ ಹಚ್ಚುವ ಸಿದ್ಧ ಸೆಟ್ಟಿಂಗ್) ಇರುವುದು. 6400 ದಾಟಿದರೆ ಸಾಮಾನ್ಯವಾಗಿ ಮೆಮೊರಿ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿಯುವುದರಿಂದ ದುಬಾರಿ ಕಿಟ್ ಲಾಭಕ್ಕಿಂತ ನಷ್ಟ ತರುತ್ತದೆ. "ನಾಲ್ಕು ಸ್ಲಾಟ್ ಇದೆಯಲ್ಲ, ಈಗ ಎರಡು, ಮುಂದೆ ಎರಡು" ಎಂಬ ಲೆಕ್ಕ ಡಿಡಿಆರ್4 ಕಾಲದ್ದು. ಎಎಂ5ನಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ 3600 ಮಾತ್ರ. ಅದಕ್ಕಿಂತ ಮೇಲೆ ಓಡಿದರೆ ಅದೃಷ್ಟ. 64 ಬೇಕಿದ್ದರೆ 32ರ ಎರಡು ಸ್ಟಿಕ್ ಈಗಲೇ ತೆಗೆದುಕೊಳ್ಳಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಏರಿದ ಪರಿ ನೋಡಿದರೆ ಈ ಮಾತು ಹೇಳಲು ನಾಲಿಗೆ ಏಳುವುದಿಲ್ಲ, ನಿಜ. ಆದರೂ ಬೇರೆ ಬೇರೆ ಕಿಟ್‌ಗಳ ಸ್ಟಿಕ್ ಬೆರೆಸಿ ಆಮೇಲೆ ಕ್ರ್ಯಾಶ್ ಹುಡುಕುತ್ತಾ ಕೂರುವುದಕ್ಕಿಂತ ಇದೇ ಮೇಲು.

ಕ್ಯಾಬಿನೆಟ್‌ಗೆ ಟೇಪು ಹಿಡಿಯಿರಿ

ಕ್ಯಾಬಿನೆಟ್ ವಿವರದಲ್ಲಿ "ಗ್ರಾಫಿಕ್ಸ್ ಕಾರ್ಡಿಗೆ 360 ಮಿ.ಮೀ." ಎಂದಿದ್ದರೆ ಅದು ಮುಂಭಾಗ ಖಾಲಿ ಇದ್ದಾಗಿನ ಅಳತೆ. ಮುಂದೆ ಲಿಕ್ವಿಡ್ ಕೂಲರಿನ ರೇಡಿಯೇಟರ್ ಕಟ್ಟಿದರೆ ಅದರ ದಪ್ಪ ಸುಮಾರು 27, ಫ್ಯಾನಿನದು 25. ಉಳಿಯುವುದು 308. ಮೂರು ಫ್ಯಾನಿನ ಕಾರ್ಡುಗಳಲ್ಲಿ ಹಲವು 320 ದಾಟುತ್ತವೆ. ಅಂಥ ಕಾರ್ಡಿದ್ದರೆ ರೇಡಿಯೇಟರನ್ನು ಮೇಲ್ಗಡೆ ಕಟ್ಟಬೇಕು. ಆಗ ಎತ್ತರದ ರ‍್ಯಾಮ್ ಅಡ್ಡ ಬರುವುದಿಲ್ಲವೇ ನೋಡಬೇಕು.

ಉದ್ದ ಎಲ್ಲರೂ ನೋಡುತ್ತಾರೆ, ಅಗಲ ಮರೆಯುತ್ತಾರೆ. ಕಾರ್ಡಿನ ಮೇಲಂಚಿನಿಂದ 16 ಪಿನ್ ಪವರ್ ಕೇಬಲ್ ಹೊರಟರೆ ಕನಿಷ್ಠ 35 ಮಿ.ಮೀ. ನೇರವಾಗಿ ಹೋಗಿ ಆಮೇಲೆ ಬಾಗಬೇಕು. ಕಾರ್ಡಿನ ಅಗಲ 140 ಇದ್ದರೆ ಪಕ್ಕದ ಗಾಜಿನವರೆಗೆ 175 ಮಿ.ಮೀ. ಬೇಕಾಯಿತು. ಜಾಗ ಸಾಲದೆ ಗಾಜು ಕೇಬಲನ್ನು ಒತ್ತಿದರೆ ಕನೆಕ್ಟರ್ ಒಂದು ಬದಿಗೆ ಸ್ವಲ್ಪ ಎದ್ದೇಳುತ್ತದೆ, ಕೆಲವೇ ಪಿನ್ನುಗಳ ಮೇಲೆ ಪೂರ್ತಿ ಹೊರೆ ಬೀಳುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಚುಚ್ಚಿದ ಮೇಲೆ ಟಾರ್ಚ್ ಹಿಡಿದು ನೋಡಿ: ಕನೆಕ್ಟರಿಗೂ ಕಾರ್ಡಿನ ಸಾಕೆಟ್‌ಗೂ ನಡುವೆ ಗೆರೆಯಷ್ಟೂ ಸಂದು ಕಾಣಬಾರದು.

ಕೂಲರ್ ಬಗ್ಗೆ ಬೆಂಗಳೂರಿನವರು ಹೆಚ್ಚು ಹೆದರಬೇಕಿಲ್ಲ. ಏಪ್ರಿಲ್ ಬಿಟ್ಟರೆ ಇಲ್ಲಿನ ಹವೆ ಪಿಸಿಗೆ ಹಿತವೇ. 7800ಎಕ್ಸ್3ಡಿಗೆ ಎರಡು ಗೋಪುರದ ಏರ್ ಕೂಲರ್ ಧಾರಾಳ ಸಾಕು. ಥರ್ಮಲ್‌ರೈಟ್ ಪಿಯರ್‌ಲೆಸ್ ಅಸಾಸಿನ್ 120 ಎಸ್‌ಇ ಎತ್ತರ 155 ಮಿ.ಮೀ., ನೋಕ್ಟುವಾ ಎನ್‌ಎಚ್-ಡಿ15 165. ಕ್ಯಾಬಿನೆಟ್‌ನ ಮಿತಿ 160 ಇದ್ದರೆ ಎರಡನೆಯದನ್ನು ಹಾಕಿದಾಗ ಗಾಜು ಮುಚ್ಚುವುದಿಲ್ಲ. ರ‍್ಯಾಮ್ ಎತ್ತರವಾಗಿದ್ದರೆ ಮುಂದಿನ ಫ್ಯಾನನ್ನು ಮೇಲೆ ಸರಿಸಬೇಕಾಗುತ್ತದೆ, ಕೂಲರಿನ ಎತ್ತರ ಅಷ್ಟೇ ಹೆಚ್ಚುತ್ತದೆ. ಹಳೆಯ ಕೂಲರ್ ಬಳಸುವವರು ಗಮನಿಸಿ: ಎಎಂ4 ಕೂಲರುಗಳು ಬೋರ್ಡಿನ ಜೊತೆ ಬರುವ ಹಿಂಬದಿ ಪ್ಲೇಟನ್ನೇ ಬಳಸುವಂಥವಾದರೆ ಎಎಂ5ಗೂ ಕೂರುತ್ತವೆ, ತಮ್ಮದೇ ಪ್ಲೇಟ್ ಹಾಕಬೇಕಾದವು ಕೂರುವುದಿಲ್ಲ. ಎಲ್‌ಜಿಎ 1700ರ ತೂತುಗಳು ಹಳೆಯ ಇಂಟೆಲ್ ಬೋರ್ಡುಗಳಿಗಿಂತ ದೂರದಲ್ಲಿವೆ, ಬೇರೆ ಕಿಟ್ ಬೇಕು.

ಇಲ್ಲಿನ ನಿಜವಾದ ಶತ್ರು ಧೂಳು. ಮೆಟ್ರೊ, ಫ್ಲೈಓವರ್, ಪಕ್ಕದ ಸೈಟಿನ ಕಟ್ಟಡ, ಒಂದಲ್ಲ ಒಂದು ಸದಾ ನಡೆಯುತ್ತಿರುತ್ತದೆ. ಮುಂಭಾಗ ಪೂರ್ತಿ ಗಾಜಿನದಲ್ಲದೆ ಜಾಲರಿಯದಿರಲಿ, ಫಿಲ್ಟರ್ ಕಳಚಿ ತೊಳೆಯುವಂತಿರಲಿ, ಒಳಗೆ ಎಳೆಯುವ ಫ್ಯಾನುಗಳು ಹೊರದಬ್ಬುವವಕ್ಕಿಂತ ಒಂದಾದರೂ ಹೆಚ್ಚಿರಲಿ. ಆಗ ಗಾಳಿ ಸಂದುಗೊಂದುಗಳಿಂದಲ್ಲ, ಫಿಲ್ಟರಿನ ಮೂಲಕವೇ ಬರುತ್ತದೆ.

ಫ್ಯಾನಿನ ದೀಪಗಳ ವೈರ್ ಎರಡು ಬಗೆ: 5 ವೋಲ್ಟಿನ ಮೂರು ಪಿನ್ನಿನದು, 12 ವೋಲ್ಟಿನ ನಾಲ್ಕು ಪಿನ್ನಿನದು. ಮೊದಲನೆಯದನ್ನು ಎರಡನೆಯ ಜಾಗಕ್ಕೆ ತುರುಕಿದರೆ ದೀಪ ಶಾಶ್ವತವಾಗಿ ಆರುತ್ತದೆ. ಕ್ಯಾಬಿನೆಟ್ ಮುಂದೆ ಟೈಪ್ ಸಿ ಪೋರ್ಟ್ ಇದ್ದರೆ ಬೋರ್ಡಿನಲ್ಲಿ ಅದಕ್ಕೆಂದೇ ಇರುವ ಹೆಡರ್ ಇದೆಯೇ ಎಂದೂ ನೋಡಿ. ಅಗ್ಗದ ಬೋರ್ಡುಗಳಲ್ಲಿ ಅದಿರುವುದಿಲ್ಲ.

ಎಸ್‌ಎಂಪಿಎಸ್, ಯುಪಿಎಸ್, ಅರ್ಥಿಂಗ್

ಲೆಕ್ಕ ಹೀಗೆ ಹಾಕಿ. 7800ಎಕ್ಸ್3ಡಿಯ ಟಿಡಿಪಿ (ಕಂಪನಿ ಹೇಳುವ ಬಿಸಿಯ ಲೆಕ್ಕ) 120 ವ್ಯಾಟ್, ಆದರೆ ಸಾಕೆಟ್‌ನಿಂದ ಎಳೆಯಬಹುದಾದ ಮಿತಿ 162. ಆರ್‌ಎಕ್ಸ್ 9070 ಎಕ್ಸ್‌ಟಿ 304. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಸೇರಿ ಒಂದು 75. ಒಟ್ಟು 541. ಕಾರ್ಡ್ ಕ್ಷಣಾರ್ಧದಲ್ಲಿ ತನ್ನ ಮಿತಿಗಿಂತ ಬಹಳ ಹೆಚ್ಚು ಎಳೆಯುವುದರಿಂದ 750 ವ್ಯಾಟಿನದು ತೆಗೆದುಕೊಳ್ಳಿ. ಎಟಿಎಕ್ಸ್ 3.0 ಅಥವಾ 3.1 ಎಂದು ಬರೆದಿರುವವನ್ನು ಇಂಥ ಏರಿಳಿತ ತಡೆಯುವಂತೆಯೇ ಮಾಡಿರುತ್ತಾರೆ: 100 ಮೈಕ್ರೊಸೆಕೆಂಡಿನಷ್ಟು ಹೊತ್ತು ಎರಡು ಪಟ್ಟು ಹೊರೆ ಬಂದರೂ ಆಫ್ ಆಗಬಾರದು ಎಂಬುದು ಆ ನಿಯಮ. 5070ಗೆ 650, 5080ಗೆ 850, 5090ಗೆ 1000 ವ್ಯಾಟ್ ಬೇಕೆಂದು ಎನ್‌ವಿಡಿಯಾ ಹೇಳುತ್ತದೆ. ಕ್ಯಾಬಿನೆಟ್ ಜೊತೆ ಉಚಿತ ಕೊಡುವ ಎಸ್‌ಎಂಪಿಎಸ್ ಮೇಲೆ 500 ಎಂದು ಬರೆದಿದ್ದರೂ ನಂಬಬೇಡಿ.

ಪ್ರೊಸೆಸರಿನ 8 ಪಿನ್ ಕೇಬಲ್ 4+4 ಆಗಿ ಸೀಳುತ್ತದೆ, ಕಾರ್ಡಿನದು 6+2 ಆಗಿ. ಎರಡೂ ಒಂದೇ ಎಂದುಕೊಂಡು ಬಲವಂತ ಮಾಡಬೇಡಿ. ಒಂದೇ ಕೇಬಲಿನ ತುದಿಯಲ್ಲಿ ಎರಡು ತಲೆ ಇದ್ದರೂ ಕಾರ್ಡಿನ ಪ್ರತಿ 8 ಪಿನ್ನಿಗೂ ಬೇರೆ ಬೇರೆ ಕೇಬಲ್ ಎಳೆಯಿರಿ. ಇನ್ನು ಹಳೆಯ ಎಸ್‌ಎಂಪಿಎಸ್‌ನ ಕೇಬಲುಗಳನ್ನು ಹೊಸದಕ್ಕೆ ಬಳಸುವ ಉಳಿತಾಯ ಬೇಡವೇ ಬೇಡ. ಎಸ್‌ಎಂಪಿಎಸ್ ಬದಿಯ ಪಿನ್ನುಗಳ ಕ್ರಮಕ್ಕೆ ಸಾಮಾನ್ಯ ನಿಯಮವಿಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಒಟ್ಟಿಗೇ ಸುಡುತ್ತವೆ.

ಬೆಸ್ಕಾಂ ಕರೆಂಟ್ ತೆಗೆದ ಕ್ಷಣಕ್ಕೆ ಯುಪಿಎಸ್ ಬೇಕು. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಆಟದ ನಡುವೆ ಕರೆಂಟ್ ಹೋದರೆ ಅದು ಕೂಗಿಕೊಂಡು ಆಫ್ ಆಗುತ್ತದೆ. ಮೇಲಿನ ಪಿಸಿಗೆ ಮಾನಿಟರೂ ಸೇರಿ 1100 ವಿಎ, ಅಂದರೆ 660 ವ್ಯಾಟಿನ ಆಸುಪಾಸಿನದು ಬೇಕು, ಅದೂ ಸೇವ್ ಮಾಡಿ ಶಟ್‌ಡೌನ್ ಮಾಡಲಷ್ಟೇ. ಮನೆಯ ಇನ್ವರ್ಟರಿಗೆ ಜೋಡಿಸುವುದಾದರೆ ಅದು ಶುದ್ಧ ಸೈನ್ ವೇವ್ ಆಗಿರಲಿ, ಹಿಂಬದಿಯ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆದುಕೊಳ್ಳುವುದು ಸಾಮಾನ್ಯವಾಗಿ 16-17 ಮಿಲಿಸೆಕೆಂಡಿನ ಆಸುಪಾಸು. ಇನ್ವರ್ಟರಿನ ಸಾಧಾರಣ ಮೋಡ್ ಅದಕ್ಕಿಂತ ನಿಧಾನವಾಗಿ ಬದಲಾಗಬಹುದು, ಆಗ ಪಿಸಿ ರೀಸ್ಟಾರ್ಟ್ ಆಗುತ್ತದೆ.

ಹಳೆಯ ಬಾಡಿಗೆ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದೂ ಅರ್ಥ್ ವೈರ್ ಜೋಡಿಸಿರುವುದಿಲ್ಲ. ಕ್ಯಾಬಿನೆಟ್‌ನ ಲೋಹ ಮುಟ್ಟಿದಾಗ ಜುಮ್ ಎಂದರೆ ಸಾಮಾನ್ಯವಾಗಿ ಅದೇ ಕಾರಣ, ಪಿಸಿ ಕೆಟ್ಟಿರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರಲ್ಲಿ ಅಳೆಸಿ: ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು-ಮೂರು ವೋಲ್ಟಿನೊಳಗೆ ಇರಬೇಕು.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ಹೇಳುವುದಿಲ್ಲ. 2280 ಅಳತೆಯ (22 ಮಿ.ಮೀ. ಅಗಲ, 80 ಉದ್ದ), ನಾಲ್ಕನೇ ತಲೆಮಾರಿನ ಎನ್‌ವಿಎಂಇ ಸಾಕು. ಐದನೆಯದು ಬಿಸಿ ಹೆಚ್ಚು, ಆಟದಲ್ಲಿ ವ್ಯತ್ಯಾಸ ಕಾಣದು. ಎರಡನೇ ಎಂ.2 ಸ್ಲಾಟ್ ತುಂಬಿದರೆ ಸಾಟಾ ಪೋರ್ಟ್ ಮಲಗುವ, ಇಲ್ಲವೇ ಕಾರ್ಡಿನ ಲೇನ್ 16ರಿಂದ 8ಕ್ಕೆ ಇಳಿಯುವ ಬೋರ್ಡುಗಳಿವೆ. ಮ್ಯಾನುಯಲ್‌ನಲ್ಲಿ ಒಂದು ಅಡಿಟಿಪ್ಪಣಿಯಲ್ಲಿ ಬರೆದಿರುತ್ತಾರೆ.

ಅಂಗಡಿಯಲ್ಲಿ

ಭಾನುವಾರ ಎಸ್.ಪಿ. ರಸ್ತೆಯ ಬಹುಪಾಲು ಅಂಗಡಿ ಮುಚ್ಚಿರುತ್ತವೆ. ಗಾಡಿ ನಿಲ್ಲಿಸಲು ಜಾಗ ಹುಡುಕುವುದಕ್ಕಿಂತ ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು ನಡೆಯುವುದು ವಾಸಿ; ವಾಪಸಾಗುವಾಗ ಗಾಜಿನ ಕ್ಯಾಬಿನೆಟ್‌ಗೆ ಆಟೊ ಹಿಡಿಯಿರಿ. ಬಿಲ್ಲಿಲ್ಲದೆ ಕಡಿಮೆ ಬೆಲೆ ಹೇಳಿದರೆ ಒಪ್ಪಬೇಡಿ. 18 ಪರ್ಸೆಂಟ್ ಜಿಎಸ್‌ಟಿ ಉಳಿಸಲು ಹೋದರೆ ಮೂರು ವರ್ಷದ ವಾರಂಟಿ ಕೇಳಲು ಕಾಗದವೇ ಇರುವುದಿಲ್ಲ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಪ್ರೊಸೆಸರ್ ಟ್ರೇ ಮಾಲೋ (ಡಬ್ಬವಿಲ್ಲದೆ ಬಿಡಿಯಾಗಿ ಬಂದದ್ದು) ಬಾಕ್ಸ್ ಮಾಲೋ ಎಂದು ಬಾಯಿಬಿಟ್ಟು ಕೇಳಿ. ಟ್ರೇ ಮಾಲಿಗೆ ಕೂಲರ್ ಬರುವುದಿಲ್ಲ, ವಾರಂಟಿ ಅಂಗಡಿಯವರ ಮಾತಿನ ಮೇಲೆ ನಿಂತಿರುತ್ತದೆ.

ಬೋರ್ಡ್ ಡಬ್ಬ ಅಲ್ಲೇ ತೆರೆಸಿ. ಸಾಕೆಟ್‌ನ ಪ್ಲಾಸ್ಟಿಕ್ ಮುಚ್ಚಳ ಎತ್ತಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಸಾಲುಸಾಲು ಪಿನ್ನುಗಳು ಒಂದೇ ಸಮ ಹೊಳೆಯಬೇಕು. ಎಲ್ಲಾದರೂ ಒಂದು ಚುಕ್ಕಿ ಮಂಕಾಗಿದ್ದರೆ, ಇಲ್ಲವೇ ಬೇರೆ ದಿಕ್ಕಿಗೆ ಹೊಳೆದರೆ ಅಲ್ಲಿ ಪಿನ್ ಬಾಗಿದೆ. ಫೋಟೊ ತೆಗೆದಿಟ್ಟುಕೊಳ್ಳಿ. ಮನೆಗೆ ಹೋದ ಮೇಲೆ ಕಂಡ ಬಾಗಿದ ಪಿನ್ ನಿಮ್ಮದೇ ತಪ್ಪು ಎನ್ನುತ್ತಾರೆ, ವಾರಂಟಿಗೂ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್‌ನಲ್ಲಿ ಇಂಟೆಲ್ 13, 14ನೇ ತಲೆಮಾರಿನ ಐ7, ಐ9 ಕೊಳ್ಳುವವರು ಹುಷಾರು. ಹೆಚ್ಚಿನ ವೋಲ್ಟೇಜಿನಿಂದ ಚಿಪ್ ಸವೆಯುವ ದೋಷ ಅವುಗಳಲ್ಲಿತ್ತು. 2024ರಲ್ಲಿ ಬಂದ 0ಎಕ್ಸ್12ಬಿ ಮೈಕ್ರೊಕೋಡ್ (ಬಯಾಸ್ ಜೊತೆ ಬರುವ ಚಿಪ್ಪಿನ ಅಪ್‌ಡೇಟ್) ಮುಂದಿನ ಹಾನಿ ತಡೆಯುತ್ತದೆ, ಆಗಿಹೋದದ್ದನ್ನು ರಿಪೇರಿ ಮಾಡುವುದಿಲ್ಲ.

ಕ್ಯಾಬಿನೆಟ್‌ಗೆ ಹಾಕುವ ಮುನ್ನ

ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲಿಟ್ಟು ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್ ಸ್ಟಿಕ್ ಹಾಕಿ. ಸ್ಲಾಟ್ ಪ್ರೊಸೆಸರಿನಿಂದ ಎರಡನೆಯದು. ಎರಡು ಸ್ಟಿಕ್ ಹಾಕುವಾಗ ಎರಡನೆಯದು ಮತ್ತು ನಾಲ್ಕನೆಯದು. 24 ಪಿನ್, 8 ಪಿನ್ ಎರಡನ್ನೂ ಕೊಟ್ಟು, ಪವರ್ ಸ್ವಿಚ್ಚಿನ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ಚಾಲೂ ಆಗುತ್ತದೆ. ಎಎಂ5 ಬೋರ್ಡ್ ಮೊದಲ ಸಲ ರ‍್ಯಾಮನ್ನು ಪಳಗಿಸಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಾಗಿ ಸ್ವಿಚ್ ಒತ್ತುವವರೇ ಹೆಚ್ಚು. ಹತ್ತು-ಹದಿನೈದು ನಿಮಿಷ ಕಾಯಿರಿ. ಆಮೇಲೂ ಬರದಿದ್ದರೆ ಬೋರ್ಡಿನ ಅಂಚಿನ ಸಣ್ಣ ದೀಪ ಏನು ಹೇಳುತ್ತದೆ ನೋಡಿ: ಡಿರ‍್ಯಾಮ್ ಉರಿದರೆ ಸ್ಟಿಕ್ ತೆಗೆದು ಕ್ಲಿಕ್ ಎನ್ನುವಂತೆ ಮತ್ತೆ ಒತ್ತಿ, ಸಿಪಿಯು ಉರಿದರೆ 8 ಪಿನ್ ಮತ್ತು ಬಯಾಸ್ ಆವೃತ್ತಿ, ವಿಜಿಎ ಉರಿದರೆ ಕಾರ್ಡಿನ ಕೇಬಲ್. 7500ಎಫ್‌ನಂಥ ಚಿಪ್ಪಿಗೆ ಈ ಪರೀಕ್ಷೆಗೂ ಕಾರ್ಡ್ ಹಾಕಲೇಬೇಕು.

ಕ್ಯಾಬಿನೆಟ್‌ನೊಳಗೆ ಬೋರ್ಡಿನ ತೂತಿಲ್ಲದ ಕಡೆ ಹಿತ್ತಾಳೆ ಸ್ಟ್ಯಾಂಡ್‌ಆಫ್ ಇದ್ದರೆ ಬಿಚ್ಚಿಹಾಕಿ; ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ಎಂದು ಇನ್ನೊಮ್ಮೆ ನೋಡಿ. ಮಾನಿಟರ್ ಕೇಬಲನ್ನು ಬೋರ್ಡಿಗಲ್ಲ, ಕಾರ್ಡಿಗೆ ಚುಚ್ಚಿ.

ವಿಂಡೋಸ್ ಹಾಕುವ ಮೊದಲೇ ಬಯಾಸ್‌ಗೆ ಹೋಗಿ ಎಕ್ಸ್‌ಪೋ ಆನ್ ಮಾಡಿ, ಇಲ್ಲವಾದರೆ 6000ದ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ. ರೀಸೈಜಬಲ್ ಬಾರ್ (ಪ್ರೊಸೆಸರಿಗೆ ಕಾರ್ಡಿನ ಪೂರ್ತಿ ಮೆಮೊರಿ ತೆರೆದಿಡುವುದು) ಆನ್, ಸಿಎಸ್‌ಎಂ (ಹಳೆಯ ಕಾಲದ ಬೂಟ್ ವಿಧಾನ) ಆಫ್, ಎಫ್‌ಟಿಪಿಎಂ (ಪ್ರೊಸೆಸರಿನೊಳಗಿನ ಭದ್ರತಾ ಘಟಕ) ಆನ್. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡುವವರಿಗೆ ಟಿಪಿಎಂ ಜೊತೆ ಸೆಕ್ಯೂರ್ ಬೂಟ್ ಕೂಡ ಬೇಕು. ಸಿಎಸ್‌ಎಂ ಆನ್ ಇಟ್ಟು ಡಿಸ್ಕ್ ವಿಂಗಡಿಸುವ ಹಳೆಯ ಎಂಬಿಆರ್ ವಿಧಾನದಲ್ಲಿ ವಿಂಡೋಸ್ ಹಾಕಿ, ಆಮೇಲೆ ಆಫ್ ಮಾಡಿದರೆ ಬೂಟ್ ಆಗುವುದಿಲ್ಲ. ಡಿಸ್ಕನ್ನು ಹೊಸ ವಿಧಾನವಾದ ಜಿಪಿಟಿಗೆ ಬದಲಿಸಬೇಕು, ಇಲ್ಲವೇ ಮತ್ತೆ ಮೊದಲಿನಿಂದ ಇನ್‌ಸ್ಟಾಲ್ ಮಾಡಬೇಕು.